ನೆಲದ ಕೆಳಗಿನ ಗಾಳಿ

ಮೊಣಕಾಲೆತ್ತರದ ಕಲ್ಲಿನ ಪಾಯವೊಂದನ್ನು ಬಿಟ್ಟರೆ ನಾವಿದ್ದ ಮನೆ ಪೂರ್ತಿ ಮರದ್ದು. ಐರ್ಲೆಂಡಿನಲ್ಲಿ ಅಂಥ ಮನೆ ಅಪರೂಪ. ಇಲ್ಲಿ ಹೊಲದ ಬೇಲಿಯೂ ಕಲ್ಲಿನದೇ. ಅತ್ಲೋನ್ ಊರಿನಿಂದ ಎರಡು ಮೈಲಿ ದೂರದಲ್ಲಿ, ಸರೋವರದ ದಂಡೆಯ ಮೇಲೆ, ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಒಬ್ಬ ಎಂಜಿನಿಯರ್ ಅದನ್ನು ಕಟ್ಟಿಸಿದ್ದನಂತೆ. ತೊಲೆ, ಜಂತೆ, ಕಿಟಕಿ, ಬಾಗಿಲು ಎಲ್ಲವನ್ನೂ ಬೇರೆಲ್ಲೋ ಕೊಯ್ದು, ಒಮ್ಮೆ ಜೋಡಿಸಿ ನೋಡಿ, ನಂಬರು ಕೆತ್ತಿ, ಬಿಚ್ಚಿ, ದೋಣಿಯಲ್ಲಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದರು. ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಬಗ್ಗಿ ನೋಡಿದರೆ ಮರದ ಮೈಮೇಲೆ ಉಳಿಯಿಂದ ಕೆತ್ತಿದ ರೋಮನ್ ಅಂಕಿಗಳು ಕಾಣುತ್ತಿದ್ದವು. ನಾನು ರೋಮನ್ ಅಂಕಿ ಕಲಿತದ್ದು ಶಾಲೆಯಲ್ಲಿ ಅಲ್ಲ, ಆ ಗೂಡಿನಲ್ಲಿ. ಹದಿನಾಲ್ಕರ ತೊಲೆ ಹದಿನಾಲ್ಕರ ಕಂಬದ ಮೇಲೆಯೇ ಕೂತಿದೆಯೇ ಎಂದು ಬೆರಳಿಟ್ಟು ಪರೀಕ್ಷಿಸುವುದು ನನ್ನ ಆಟವಾಗಿತ್ತು. ಎಲ್ಲೂ ತಪ್ಪಿರಲಿಲ್ಲ.

ಹೊರಗಿನಿಂದ ನೋಡಿದರೆ ಆ ಮನೆ ಚಿಕ್ಕ ಚರ್ಚಿನಂತಿತ್ತು. ಕಲ್ಲಿನಲ್ಲಿ ಮಾಡುವುದನ್ನೆಲ್ಲ ಬಡಗಿಗಳು ಮರದಲ್ಲಿ ಮಾಡಿ ತೋರಿಸುವುದು ಆ ಕಾಲದ ಷೋಕಿ. ಕಡಿದಾದ ಛಾವಣಿ, ಮೇಲೆ ಚೂಪಾಗುವ ಕಿಟಕಿಗಳು, ಸೂರಿನ ಅಂಚಿಗೆ ಗರಗಸದಿಂದ ತೂತು ತೂತಾಗಿ ಕೊರೆದು ಹೊಡೆದ ಹಲಗೆ. ಅದನ್ನು ಮೊದಲ ದಿನ ಕಂಡ ಅಮ್ಮ, "ಸೂರಿಗೆ ಕ್ರೋಶಾ ಹೆಣೆದು ಹಾಕಿದಾರೆ" ಎಂದಿದ್ದಳು. ಗೋಡೆಯ ಹಲಗೆಗಳು ಒಂದರ ಮೇಲೊಂದು ಅರ್ಧ ಅಂಗುಲ ಹತ್ತಿ ಕೂತಿದ್ದವು, ಮಳೆನೀರು ಎಲ್ಲೂ ನಿಲ್ಲದೆ ಜಾರುವಂತೆ. ಮೂರು ಕಡೆ ಜಗಲಿ, ಅದರ ಕಂಬಗಳಿಗೆ ಮೂಲೆ ಹೆರೆದು ನಯ ಮಾಡಿದ್ದರು. ಕಿಟಕಿಯ ಚೌಕಟ್ಟಿನೊಳಗೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ತೂಕ ಅಡಗಿತ್ತು. ಬೆರಳಿನಿಂದ ಎತ್ತಿದರೂ ಗಾಜು ಮೇಲೇರಿ ಎಲ್ಲಿ ಬಿಟ್ಟರೆ ಅಲ್ಲಿ ನಿಲ್ಲುತ್ತಿತ್ತು. ಒಳಗೆ ನೆಲ, ಗೋಡೆ, ಮಾಡು ಎಲ್ಲ ಜೇನಿನ ಬಣ್ಣದ ಪೈನ್ ಹಲಗೆ. ಚಳಿಗಾಲದ ಸಂಜೆ ಒಲೆ ಹೊತ್ತಿಸಿದಾಗ ಮನೆ ಮೈ ಮುರಿಯುವಂತೆ ಟಕ್ ಟಕ್ ಎನ್ನುತ್ತಿತ್ತು.

ಆ ಮನೆಗೆ ಬರುವ ಮೊದಲು ನಾವು ಊರೊಳಗೆ ಅಂಗಡಿಯೊಂದರ ಮೇಲಿನ ಒಂದೇ ಕೋಣೆಯಲ್ಲಿದ್ದೆವು. ಅಪ್ಪ ಆಸ್ಪತ್ರೆಯಲ್ಲಿ ವೈದ್ಯರು, ಮೈಸೂರಿನಿಂದ ತರಬೇತಿಗೆಂದು ಬಂದು ಉಳಿದವರು. ಆ ಕೋಣೆಯಲ್ಲಿ ಒಗ್ಗರಣೆ ಹಾಕುವಂತಿರಲಿಲ್ಲ, ವಾಸನೆ ಕೆಳಗಿನ ಅಂಗಡಿಗೆ ಇಳಿಯುತ್ತದೆಂದು. ಎಂಟು ತಿಂಗಳು ಅಮ್ಮ ಸಾಸಿವೆ ಸಿಡಿಸದೆ ಸಾರು ಮಾಡಿದಳು. ಮರದ ಮನೆಯಲ್ಲಿ ಅಡುಗೆಮನೆ ಹಿಂದೆ, ಪ್ರತ್ಯೇಕ. ಮೊದಲ ದಿನ ಟರ್ನಿಪ್ ಹುಳಿಗೆ ಇಂಗಿನ ಒಗ್ಗರಣೆ ಕೊಟ್ಟು, ಬಾಣಲೆಯ ಮೇಲೆ ಬಗ್ಗಿ ವಾಸನೆ ಎಳೆದುಕೊಂಡಳು. ಮರುದಿನದಿಂದ ಮನೆ ಅವಳ ಗಡಿಯಾರಕ್ಕೆ ಸಿಕ್ಕಿತು. ಐದೂವರೆಗೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ಗಂಜಿ, ಸಂಜೆ ಐದರಿಂದ ಆರು ಕನ್ನಡ ಕಾಪಿ. ಐದು ಗಂಟೆಗೆ ಶಾಲೆಯ ಗೆಳತಿ ಬಾಗಿಲು ತಟ್ಟಿದರೂ ಕಾಪಿ ನಿಲ್ಲುತ್ತಿರಲಿಲ್ಲ. ಅವಳನ್ನೂ ಪಕ್ಕದಲ್ಲಿ ಕೂರಿಸಿ ಅ, ಆ ತಿದ್ದಿಸುತ್ತಿದ್ದಳು. ನನ್ನ ಕನ್ನಡ ಇವತ್ತಿಗೂ ನಿಂತಿದ್ದರೆ ಅದು ಪ್ರೀತಿಯಿಂದಲ್ಲ, ಆ ಒಂದು ಗಂಟೆಯಿಂದ.

ಶುಕ್ರವಾರ ಮನೆ ತೊಳೆಯುವ ದಿನ. ಮೈಸೂರಿನ ಮನೆಯ ಕೆಂಪು ಗಾರೆ ನೆಲಕ್ಕೆ ಹೇಗೋ ಹಾಗೆಯೇ ಇಲ್ಲೂ ಬಕೆಟ್ ಬಕೆಟ್ ನೀರು ಸುರಿದು ಕಡ್ಡಿಪೊರಕೆಯಿಂದ ತಳ್ಳುವುದು. ಒಂಬತ್ತು ವರ್ಷದ ನಾನು ನೀರು ತರುವವಳು, ಅಮ್ಮ ತಳ್ಳುವವಳು. ಅಲ್ಲಿ ಮೂಲೆಯಲ್ಲಿ ನೀರು ಹೋಗಲು ತೂಬು ಇರುತ್ತಿತ್ತು. ಇಲ್ಲಿ ತೂಬಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ನೀರು ಹಲಗೆಗಳ ಸಂದಿನಲ್ಲಿ ತಾನಾಗಿ ಇಳಿದು ಮಾಯವಾಗುತ್ತಿತ್ತು.

"ನೋಡು ರುಕ್ಕು, ಎಷ್ಟು ಯೋಚನೆ ಮಾಡಿ ಕಟ್ಟಿದಾರೆ. ಒರೆಸೋ ಕೆಲಸಾನೇ ಇಲ್ಲ."

ನೀರು ಎಲ್ಲಿಗೆ ಹೋಗುತ್ತದೆ ಎಂದು ಅವಳು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಪಾಯದ ಕಲ್ಲಿನಲ್ಲಿ, ಮನೆಯ ಸುತ್ತ, ನೆಲಕ್ಕೆ ಒಂದು ಗೇಣು ಮೇಲೆ ಕಬ್ಬಿಣದ ಸಣ್ಣ ಜಾಲರಿಗಳಿದ್ದವು. ಹಳೆಯ ಮನೆಗಳಲ್ಲಿ ಈಗಲೂ ಅವನ್ನು ಕಾಣಬಹುದು. ಮನೆಗಳನ್ನು ಪರೀಕ್ಷಿಸಿ ವರದಿ ಬರೆಯುವುದೇ ನನ್ನ ಉದ್ಯೋಗವಾಗಿತ್ತು. ನಿವೃತ್ತಳಾದ ಮೇಲೂ ಇಲ್ಲಿನ ಕಂಪನಿಗಳಿಗೆ ಬಂದ ನಮ್ಮ ಹುಡುಗರು ಮನೆ ಕೊಳ್ಳುವ ಮುಂಚೆ ಕರೆಯುತ್ತಾರೆ. ಕಳೆದ ತಿಂಗಳು ಕಿರಣ್, ದೀಪಾ ಎಂಬ ಬೆಂಗಳೂರಿನ ದಂಪತಿಯ ಜೊತೆ ಹೋಗಿದ್ದೆ. ನಾನು ಎಂದಿನಂತೆ ಹುಲ್ಲಿನ ಮೇಲೆ ಬೋರಲು ಮಲಗಿ ಜಾಲರಿಯೊಳಕ್ಕೆ ಟಾರ್ಚ್ ಬಿಟ್ಟೆ. ಕಿರಣ್ ಗಾಬರಿಯಾದ.

"ಆಂಟಿ, ನೀವು ಮಲಗ್ಬೇಡಿ, ಒದ್ದೆ ಇದೆ."

"ಶೀಸ್ ಗ್ರ್ಯಾಂಡ್, ಡ್ಯಾಡ್," ಎಂದಳು ಅವನ ಪುಟ್ಟ ಮಗಳು, ಅಪ್ಪಟ ಅತ್ಲೋನ್ ಉಚ್ಚಾರದಲ್ಲಿ. ಇಲ್ಲಿ 'ಗ್ರ್ಯಾಂಡ್' ಅಂದರೆ ಏನೂ ತೊಂದರೆಯಿಲ್ಲ ಎಂದು.

"ಮನೆ ಸೂಪರ್ ಆಗಿದೆ ಅಲ್ವಾ ಆಂಟಿ? ಈ ತೂತುಗಳನ್ನ ಮಾತ್ರ ಮುಚ್ಚಿಸಿಬಿಡ್ತೀನಿ. ಹೀಟಿಂಗ್ ಎಲ್ಲಾ ವೇಸ್ಟು," ಎಂದ ಕಿರಣ್.

"ಮುಚ್ಚಿಸು. ಮೂರು ವರ್ಷ ಬಿಟ್ಟು ನೆಲ ಕೀಳೋವಾಗ ನನ್ನನ್ನೇ ಕರಿ."

"ಅದಲ್ಲ ಆಂಟಿ, ಒಳಗೆ ಏನಾದ್ರೂ ಸೇರ್ಕೊಂಡ್ರೆ?"

"ಏನು ಸೇರ್ಕೊಳ್ಳತ್ತೆ?"

ದೀಪಾ ನಕ್ಕಳು.

"ಹಾವು ಅನ್ನೋಕೆ ನಾಚಿಕೆ ಅವ್ರಿಗೆ. ಈ ದೇಶದಲ್ಲಿ ಹಾವೇ ಇಲ್ಲ ಅಂತ ಗೊತ್ತು. ಆದ್ರೂ ಅಂತಾರೆ."

ಆ 'ಆದ್ರೂ' ನನಗೆ ಚೆನ್ನಾಗಿ ಗೊತ್ತು. ಮರದ ಮನೆಗೆ ಬಂದ ವಾರದಲ್ಲೇ ಅಮ್ಮ ಜಾಲರಿಗಳನ್ನು ಕಂಡಳು. ಮೈಸೂರಿನಲ್ಲಿ ಅವಳು ಚಿಕ್ಕವಳಿದ್ದಾಗ ಬಚ್ಚಲಿನ ತೂಬಿನಿಂದ ನಾಗರಹಾವು ಬಂದು ಹಂಡೆಯ ಹಿಂದೆ ಸುತ್ತಿಕೊಂಡಿತ್ತು. ಅವಳು ಅದರ ಮುಂದೆಯೇ ಸ್ನಾನ ಮುಗಿಸಿ, ಸೋಪಿನ ಡಬ್ಬಿ ಎತ್ತಿಡಲು ಕೈ ಚಾಚಿದಾಗ ಅದನ್ನು ನೋಡಿದ್ದಳು. ಆವತ್ತಿನಿಂದ ನೆಲದ ಹತ್ತಿರದ ಯಾವ ತೂತನ್ನೂ ತೆರೆದು ಬಿಟ್ಟವಳಲ್ಲ. ಜಾಲರಿಗಳು ಒಟ್ಟು ಹನ್ನೆರಡು. ಹಳೆಯ ಸೀರೆ ಹರಿದು ಉಂಡೆ ಮಾಡಿ, ಅದರ ಮೇಲೆ ಸುಣ್ಣದ ಗಾರೆ ಮೆತ್ತಿ ಎಲ್ಲವನ್ನೂ ಮುಚ್ಚಿದೆವು. ಉಂಡೆಯನ್ನು ಆಳಕ್ಕೆ ತುರುಕುವುದು ನನ್ನ ಕೆಲಸ, ನನ್ನ ಕೈ ಸಣ್ಣದೆಂದು. ಮುಂದಿನ ಮಾರ್ಚಿನಲ್ಲಿ ಶಾಲೆಯಲ್ಲಿ ಈ ದೇಶದ ಸಂತನೊಬ್ಬನ ಕತೆ ಹೇಳಿದರು. ಆತ ಬೆಟ್ಟದ ಮೇಲೆ ನಿಂತು ದೇಶದ ಹಾವುಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿದನಂತೆ. ನಾನು ಓಡಿ ಬಂದು ಅಮ್ಮನಿಗೆ ಹೇಳಿದೆ. ಅಮ್ಮ ಹುಳಿಗೆ ಟರ್ನಿಪ್ ಸಿಪ್ಪೆ ತೆಗೆಯುತ್ತಿದ್ದಳು.

"ಓಡಿಸಿದ್ರು ಅಂದ್ರೆ ಇದ್ವು ಅಂತ ತಾನೆ?"

"ಈಗಿಲ್ಲ ಅಮ್ಮ. ಒಂದೂ ಇಲ್ಲ."

"ಹೋದದ್ದು ವಾಪಸ್ ಬರಲ್ಲ ಅಂತ ಬರೆದುಕೊಟ್ಟಿದಾರಾ? ಸಿಪ್ಪೆ ಆ ಕಡೆ ಹಾಕು."

ಹೀಗೆ ಕೆಳಗೆ ಗಾಳಿ ನಿಂತಿತು, ಮೇಲಿನಿಂದ ವಾರವಾರ ನೀರು ಇಳಿಯಿತು. ಎರಡನೆಯ ಚಳಿಗಾಲದಲ್ಲಿ ಮುಂದಿನ ಕೋಣೆಯಲ್ಲಿ ಅಣಬೆಯ ವಾಸನೆ ಹುಟ್ಟಿತು. ಅಮ್ಮ ಅದಕ್ಕೆ ಸಾಂಬ್ರಾಣಿ ಹಾಕಿದಳು. ಜನವರಿಯ ಒಂದು ಶುಕ್ರವಾರ, ನಾನು ಮೂರನೆಯ ಬಕೆಟ್ ತರುತ್ತಿದ್ದಾಗ, ಮುಂಚಾಚಿದ ಕಿಟಕಿಯ ಹತ್ತಿರ ಹಲಗೆ ಮುರಿದು ಅಮ್ಮನ ಬಲಗಾಲು ತೊಡೆಯವರೆಗೆ ನೆಲದೊಳಗೆ ಹೋಯಿತು. ಮುರಿದ ಸದ್ದೂ ಸರಿಯಾಗಿ ಬರಲಿಲ್ಲ. ನೆನೆದ ರೊಟ್ಟಿ ಹರಿದಂತೆ ಹರಿಯಿತು. ಅಮ್ಮ ಪೊರಕೆಯನ್ನು ಬಿಡಲಿಲ್ಲ.

"ಮೊದಲು ಬಕೆಟ್ ಆ ಕಡೆ ಇಡು, ನೀರು ಚೆಲ್ಲತ್ತೆ. ಆಮೇಲೆ ನನ್ನ ಎಳಿ."

ಸಂಜೆ ಅಪ್ಪ ಬಂದು ಅವಳ ಕಾಲಿಗೆ ಅಯೋಡಿನ್ ಹಚ್ಚಿ, ಗುಂಡಿಯನ್ನು ನೋಡಿ, ಕುರ್ಚಿಯಲ್ಲಿ ಕುಳಿತರು. ಮನೆಯ ಒಡತಿ ಮಿಸ್ ಕೀನ್ ಆ ಎಂಜಿನಿಯರನ ಮಗಳು, ಎಂಬತ್ತರ ಹತ್ತಿರದವರು, ಆ ಮನೆಯಲ್ಲೇ ಹುಟ್ಟಿದವರು. ನಮ್ಮ ಕರಾರು ಎರಡು ವರ್ಷದ್ದು, ಮಾರ್ಚ್ ಕೊನೆಗೆ ಮುಗಿಯುತ್ತಿತ್ತು. ಮುಂದುವರಿಸುವುದೋ ಬಿಡುವುದೋ ಎಂದು ಫೆಬ್ರವರಿಯ ಕೊನೆಯ ಶನಿವಾರ ಬಂದು, ಮನೆ ನೋಡಿ, ಹೇಳುತ್ತೇನೆಂದು ಅವರು ಮೊದಲೇ ಕಾಗದ ಬರೆದಿದ್ದರು. ಬೇರೆ ಮನೆ ಸಿಗುವ ಆಸೆ ಇರಲಿಲ್ಲ. ಇದನ್ನು ಹುಡುಕುವಾಗ ಏಳು ಬಾಗಿಲುಗಳು ನಮ್ಮ ಮುಖ ನೋಡಿದ ಮೇಲೆ ಮುಚ್ಚಿದ್ದವು.

"ಒಂದು ಕಾರ್ಪೆಟ್ ಹಾಸಿಬಿಡೋಣ. ಅದರ ಮೇಲೆ ಮೇಜು. ಅವರಿಗೆ ಕಣ್ಣೂ ಅಷ್ಟಕ್ಕಷ್ಟೆ," ಎಂದರು ಅಪ್ಪ.

"ಕಾರ್ಪೆಟ್ ಕೆಳಗೆ ಅದು ಸುಮ್ಮನೆ ಇರತ್ತಾ?"

"ಏಪ್ರಿಲ್ ತನಕ ಇದ್ರೆ ಸಾಕು. ಕರಾರು ಆಗಿಬಿಡಲಿ."

"ಆಗದೆ ಹೋದ್ರೆ?"

"ಮತ್ತೆ ರೂಮು ನೋಡೋಣ. ಏನು ಮಾಡೋದು."

ಅಮ್ಮ ಕಾಲಿನ ಪಟ್ಟಿಯನ್ನು ಸರಿಮಾಡಿಕೊಂಡಳು. ಧ್ವನಿ ಏರಿಸಲಿಲ್ಲ.

"ಕೇಳಿ. ಆ ರೂಮಿಗೆ ನಾನು ವಾಪಸ್ ಹೋಗಲ್ಲ. ಈ ಮನೆ ಹೋದ್ರೆ ನಾನೂ ರುಕ್ಕೂ ಮೈಸೂರಿಗೆ ಹೊರಡ್ತೀವಿ. ನೀವು ಇಲ್ಲಿರಿ. ಇದು ಕೋಪಕ್ಕೆ ಹೇಳ್ತಾ ಇರೋದಲ್ಲ."

ಕೋಪವಾಗಿದ್ದರೆ ನಾನು ಹೆದರುತ್ತಿರಲಿಲ್ಲ. ಅವಳು ಬಸ್ಸಿನ ವೇಳೆ ಹೇಳುವ ಧ್ವನಿಯಲ್ಲಿ ಹೇಳಿದ್ದಳು. ಅಪ್ಪನಿಲ್ಲದ ಮನೆ ಹೇಗಿರುತ್ತದೆ ಎಂದು ನಾನು ಆ ವಾರವೆಲ್ಲ ಕಾಪಿ ಬರೆಯುವಾಗ ಯೋಚಿಸಿ ಸಾಲು ತಪ್ಪಿಸಿದೆ. ತಪ್ಪಿದ ಪುಟವನ್ನು ಎರಡು ಸಲ ಬರೆಸಿದಳು.

ಸೋಮವಾರ ಅಮ್ಮ ಹೇಳಿಕಳಿಸಿದ್ದ ಬಡಗಿ ಮಾರ್ಟಿನ್ ಬಂದ. ಉದ್ದ ಮನುಷ್ಯ, ಕಿವಿಯ ಮೇಲೆ ಪೆನ್ಸಿಲ್. ದೋಣಿ ರಿಪೇರಿ ಅವನ ಮುಖ್ಯ ಕೆಲಸ. ಅಮ್ಮನಿಗೆ ಆಗ ಇಂಗ್ಲಿಷ್ ಓದಲು ಬರುತ್ತಿತ್ತು, ಇಲ್ಲಿನವರ ಮಾತು ಹಿಡಿಯುತ್ತಿರಲಿಲ್ಲ. ಹಾಗಾಗಿ ನಡುವೆ ನಾನು. ಮಾರ್ಟಿನ್ ಆರು ಹಲಗೆ ಎಬ್ಬಿಸಿದ. ಕೆಳಗಿನ ಜಂತೆಗಳ ಮೇಲೆ ಹತ್ತಿಯಂಥ ಬಿಳಿ ಬೂಷ್ಟು. ಮರ ಸುಟ್ಟ ಇದ್ದಿಲಿನಂತೆ ಚೌಕ ಚೌಕವಾಗಿ ಬಿರಿದು, ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿತ್ತು. ಅವನು ಹೊರಗೆ ಹೋಗಿ ಮನೆ ಸುತ್ತಿ ಬಂದ.

"ಜಾಲರಿ ಎಲ್ಲ ಮುಚ್ಚಿಬಿಟ್ಟಿದಾರೆ. ಮರದ ಮನೆ ಉಸಿರಾಡೋದೇ ಅಲ್ಲಿಂದ. ಹಿಂದೆ ಇದ್ದ ಬಾಡಿಗೆಯವರು ಮಾಡಿರಬೇಕು, ಚಳಿಗೆ. ಮಿಸ್ ಕೀನ್‌ಗೆ ಹಾಗೇ ಹೇಳ್ತೀನಿ ಬಿಡಿ."

ನಾನು ಅದನ್ನು ಕನ್ನಡಕ್ಕೆ ತಂದೆ. ಅಪ್ಪ ಬಾಗಿಲಲ್ಲಿ ಕೋಟು ಹಾಕಿಕೊಳ್ಳುತ್ತಿದ್ದರು, ನಿಂತರು. ನಮ್ಮನ್ನು ಉಳಿಸುವ ಮಾತು ತಾನಾಗಿ ಬಂದು ಕೂತಿತ್ತು. ನಾವು ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಅಮ್ಮ ಮುರಿದ ಜಂತೆಯ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ನಾವೇ ಮುಚ್ಚಿದ್ದು ಅನ್ನು."

"ಅಮ್ಮ."

"ಅನ್ನು. ಯಾಕೆ ಅಂತಾನೂ ಹೇಳು. ವಾರವಾರ ನೀರು ಹುಯ್ದದ್ದೂ ಹೇಳು. ಕಾಯಿಲೆ ಏನು ಅಂತ ಪೂರ್ತಿ ಹೇಳದೆ ಇದ್ರೆ ಔಷಧಿ ಹೇಗೆ ಕೊಡ್ತಾನೆ?"

ಹೇಳಿದೆ. ಸೀರೆಯ ಉಂಡೆ, ಗಾರೆ, ಬಕೆಟ್, ಕೊನೆಗೆ ಹಾವು. ಮಾರ್ಟಿನ್ ಮೊದಲು ನನ್ನನ್ನು, ಆಮೇಲೆ ಅಮ್ಮನನ್ನು ನೋಡಿದ. ನಂತರ ನೆಲದ ಅಂಚಿನಲ್ಲಿ ಕುಳಿತು, ಕಾಲನ್ನು ಗುಂಡಿಯೊಳಗೆ ಇಳಿಬಿಟ್ಟು, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಅಮ್ಮ ಕಾದಳು. ನಗು ಮುಗಿದ ಮೇಲೆ ಕೇಳಿಸಿದಳು:

"ನಕ್ಕಿದ್ದು ಆಯ್ತಾ ಅಂತ ಕೇಳು. ಎಷ್ಟು ದಿನದ ಕೆಲಸ?"

"ಒಬ್ಬನೇ ಮಾಡಿದರೆ ಎರಡು ತಿಂಗಳು."

"ಮೂರು ಜನ ಮಾಡಿದ್ರೆ?"

ಮಾರ್ಟಿನ್ ಮೂರನೆಯವರು ಯಾರೆಂದು ಸುತ್ತ ನೋಡಿದ. ಅಪ್ಪ ಆಸ್ಪತ್ರೆಗೆ ಹೊರಟಿದ್ದರು. ಆಮೇಲೆ ಕಣ್ಣು ನನ್ನ ಮೇಲೆ ನಿಂತಾಗ ಅವನಿಗೆ ತಿಳಿಯಿತು.

ಐದು ವಾರ ನಮ್ಮ ದಿನಚರಿಯಲ್ಲಿ ಹೊಸ ಗಂಟೆಗಳು ಸೇರಿದವು. ಬೆಳಿಗ್ಗೆ ಗಂಜಿ ಆದ ಮೇಲೆ ಏಳೂವರೆಯಿಂದ ಎಂಟೂವರೆಯವರೆಗೆ, ಶಾಲೆಗೆ ಮುಂಚೆ, ನಾನು ಟಾರ್ಚಿನ ಬೆಳಕಿನಲ್ಲಿ ಹಳೆಯ ಚಮಚದಿಂದ ಜಾಲರಿಗಳ ಗಾರೆ ಕೆರೆದೆ. ತುರುಕಿದ ಕೈಯೇ ಕೀಳಬೇಕು ಎಂದಳು ಅಮ್ಮ. ಉಂಡೆಗಳು ಹೊರಬಂದಾಗ ಅವುಗಳಲ್ಲಿ ಅವಳ ನೀಲಿ ಸೀರೆಯ ಅಂಚು ಇನ್ನೂ ಗುರುತು ಸಿಗುತ್ತಿತ್ತು, ಕಪ್ಪು ಹಿಡಿದು. ಅಮ್ಮ ಸೀರೆಯನ್ನು ಕಚ್ಚೆ ಹಾಕಿ ನೆಲದ ಕೆಳಗಿಳಿದು ಮಾರ್ಟಿನ್ ಗೀಚಿದ ಗೆರೆಯ ಮೇಲೆ ಗರಗಸ ಎಳೆದಳು. ಕೊಳೆತದ್ದು ಎಲ್ಲಿಗೆ ನಿಂತಿದೆಯೋ ಅಲ್ಲಿಂದ ಇನ್ನೊಂದು ಗಜ ಕುಯ್ಯಬೇಕೆಂದು ಅವನು ಹೇಳಿದಾಗ ಅವಳು ಒಪ್ಪಲಿಲ್ಲ.

"ಅದು ಒಳ್ಳೆ ಮರ ಅಲ್ವಾ?"

"ಒಳ್ಳೆಯದರ ಥರ ಕಾಣ್ತಿದೆ, ಅಷ್ಟೆ. ಬೂಷ್ಟಿನ ಬೇರು ಒಳಗೆ ಹೋಗಿರತ್ತೆ."

ಅವಳು ಸ್ವಲ್ಪ ಯೋಚಿಸಿ, ಒಂದು ಗಜಕ್ಕೆ ಒಂದು ಗೇಣು ಸೇರಿಸಿ ಕುಯ್ದಳು. ಹೊಸ ಜಂತೆಗಳಿಗೆ ಮಾರ್ಟಿನ್ ದೋಣಿಗೆ ಇಟ್ಟಿದ್ದ ಲಾರ್ಚ್ ಮರ ತಂದ. ಹಲಗೆಗಳು ಅದೇ ಅಗಲದವು ಎಲ್ಲೂ ಸಿಗದೆ, ಹಿಂದಿನ ಕೋಣೆಯ ಅಟ್ಟದಿಂದ ಬಿಚ್ಚಿದ ಹಳೆಯ ಪೈನ್ ಹಲಗೆಗೆ ತೋಪಡದಿಂದ ಹೆರೆದು ಸರಿಮಾಡಿದರು. ಮಧ್ಯಾಹ್ನ ಅವನು ನಮ್ಮ ಜೊತೆ ನೆಲದಲ್ಲಿ ಕುಳಿತು ಅನ್ನ ಸಾರು ಉಂಡ, ಚಮಚದಲ್ಲಿ. ಮೊದಲ ದಿನ ಸಾರಿನ ಖಾರಕ್ಕೆ ಅರ್ಧ ಜಗ್ ನೀರು ಕುಡಿದ. ಮೂರನೆಯ ವಾರ ಉಪ್ಪಿನಕಾಯಿ ಕೇಳಿದ. ಅಪ್ಪ ಸಂಜೆ ಬಂದು ಕೋಟು ಬಿಚ್ಚಿ, ಉಪ್ಪುಕಾಗದದಿಂದ ಹಲಗೆ ತಿಕ್ಕಿ ನಯ ಮಾಡುತ್ತಿದ್ದರು. ಕಾರ್ಪೆಟ್‌ನ ಮಾತು ಮತ್ತೆ ಎತ್ತಲಿಲ್ಲ. ಶುಕ್ರವಾರ ಮಾತ್ರ ಅಮ್ಮನಿಗೆ ಕಷ್ಟವಾಗುತ್ತಿತ್ತು. ಬಟ್ಟೆಯನ್ನು ಎರಡು ಸಲ ಹಿಂಡಿ, ಒಂದು ಹನಿಯೂ ಬೀಳದಂತೆ ನೆಲ ಒರೆಸಿ, ಎದ್ದು ನಿಂತು, "ಇದು ತೊಳೆದ ಹಾಗಲ್ಲ" ಎನ್ನುತ್ತಿದ್ದಳು. ಆದರೆ ನೀರು ಸುರಿಯಲಿಲ್ಲ. ಅಂದಿನಿಂದ ಸಾಯುವ ತನಕ ಮರದ ನೆಲದ ಮೇಲೆ ಅವಳು ನೀರು ಸುರಿದದ್ದನ್ನು ನಾನು ನೋಡಲಿಲ್ಲ.

ಫೆಬ್ರವರಿಯ ಕೊನೆಯ ಶನಿವಾರ ಹನ್ನೊಂದು ಗಂಟೆಗೆ ಮಿಸ್ ಕೀನ್ ಬಂದರು. ಪುಟ್ಟ ದೇಹ, ಕಪ್ಪು ಹ್ಯಾಟು, ರಬ್ಬರಿನ ತುದಿಯ ಕೋಲು. ಮುಂದಿನ ಕೋಣೆಯಲ್ಲಿ ಅಮ್ಮ ಒಂದು ಚಾಪೆಯನ್ನೂ ಹಾಸಿರಲಿಲ್ಲ. ಹೊಸದಾಗಿ ಹೆರೆದ ಹಲಗೆಗಳು ಹಳೆಯವುಗಳ ನಡುವೆ ತಿಳಿಯಾಗಿ, ತೇಪೆಯಂತೆ ಎದ್ದು ಕಾಣುತ್ತಿದ್ದವು. ಅವರು ಬಾಗಿಲಲ್ಲೇ ನಿಂತರು. ನಾನು ಬಾಯಿ ತೆರೆಯುವ ಮುಂಚೆ ಅಮ್ಮ ನನ್ನ ಭುಜ ಒತ್ತಿದಳು. ಇಂಗ್ಲಿಷಿನಲ್ಲಿ ನಾಲ್ಕು ವಾಕ್ಯ ಅವಳೇ ಬಾಯಿಪಾಠ ಮಾಡಿಕೊಂಡಿದ್ದಳು.

"ಗಾಳಿಯ ದಾರಿ ನಾನು ಮುಚ್ಚಿದೆ. ನೆಲಕ್ಕೆ ನೀರು ನಾನು ಹಾಕಿದೆ. ನೆಲ ಕೊಳೆಯಿತು. ನಾನೇ ಸರಿಮಾಡಿದ್ದೇನೆ, ನೋಡಿ."

ಮಿಸ್ ಕೀನ್ ಕಿಟಕಿಯ ಕಡೆಯಿಂದ ಶುರುಮಾಡಿ ಒಂದೊಂದು ಹಲಗೆಯನ್ನೂ ಕೋಲಿನಿಂದ ಕುಟ್ಟಿದರು. ಹಳೆಯದರ ಮೇಲೆ ಒಂದು ಸಲ, ಹೊಸದರ ಮೇಲೆ ಎರಡು ಸಲ. ಅಪ್ಪ ಅವರಿಗೆಂದು ತಂದ ಚಹಾದ ಕಪ್ ಹಿಡಿದು ನಿಂತಿದ್ದರು. ಕೋಣೆ ಮುಗಿಸಿ ಅವರು ಹೊರಗೆ ನಡೆದು ಪಾಯದ ಜಾಲರಿಗಳನ್ನು ಎಣಿಸಿದರು. ಹನ್ನೆರಡೂ ತೆರೆದಿದ್ದವು. ನಾವು ಮೂವರೂ ಸಾಲಾಗಿ ಹಿಂದೆ ಹೋದೆವು, ಅಪ್ಪ ಕಪ್ ಹಿಡಿದುಕೊಂಡೇ.

"ಯಾಕೆ ಮುಚ್ಚಿದಿರಿ?"

"ಹಾವು ಬರುತ್ತೆ ಅಂತ," ಎಂದೆ ನಾನು.

ಅವರು ನಗಲಿಲ್ಲ. ಅಮ್ಮನನ್ನು ಒಮ್ಮೆ ನೋಡಿ ಜಗಲಿಯ ಮೂಲೆಗೆ ಹೋದರು. ಅಲ್ಲಿನ ಕಂಬದ ಬುಡಕ್ಕೆ ಕೋಲಿನಿಂದ ತಿವಿದರು. ಬಣ್ಣದ ಚಕ್ಕೆಯೊಂದು ಎದ್ದು ಬಿತ್ತು.

"ಇದು ನಿಮ್ಮ ತಪ್ಪಲ್ಲ, ನನ್ನದು. ಹತ್ತು ವರ್ಷದಿಂದ ನೋಡಿಲ್ಲ. ಈ ಕಡೆಯ ನಾಲ್ಕೂ ಕಂಬ ಕೆರೆದು ಬಣ್ಣ ಹಚ್ಚಬೇಕು. ಗರಗಸ ಹಿಡಿಯೋಕೆ ಬರತ್ತೆ ಅಂದ ಮೇಲೆ ಬ್ರಷ್ಷೂ ಬರತ್ತೆ ತಾನೆ?"

ನಾನು ಕನ್ನಡದಲ್ಲಿ ಹೇಳಿದೆ. ಅಮ್ಮ ಕಂಬವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ಬರತ್ತೆ ಅನ್ನು. ಸೋಮವಾರ ಶುರು ಮಾಡ್ತೀವಿ."

"ಸೋಮವಾರ ಬೇಡ," ಎಂದರು ಮಿಸ್ ಕೀನ್. "ಒದ್ದೆ ಮರಕ್ಕೆ ಬಣ್ಣ ಹಿಡಿಯೋದಿಲ್ಲ. ಮೇ ತಿಂಗಳವರೆಗೆ ಕಾಯಿರಿ."

ಅಪ್ಪ ಕಪ್ಪನ್ನು ಜಗಲಿಯ ಮೇಲಿಟ್ಟರು; ನಮ್ಮ ಕರಾರು ಮಾರ್ಚ್ ಕೊನೆಗೇ ಮುಗಿಯುತ್ತಿತ್ತು. ನಾನು ಕನ್ನಡಕ್ಕೆ ತರಲು ತಡಮಾಡಿದೆ; ತಪ್ಪು ಕೇಳಿಸಿಕೊಂಡಿರಬಾರದಲ್ಲ ಎಂದು ಇನ್ನೊಮ್ಮೆ ಕೇಳಿ ಖಚಿತಪಡಿಸಿಕೊಂಡೆ. ಆಮೇಲೆ ಹೇಳಿದೆ.

"ಮೇ ಅಂದ್ರಾ?"

"ಮೇ ಅಂತ."

ಅಮ್ಮ ಅಪ್ಪನ ಕಡೆ ನೋಡಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಸೂರಿನವರೆಗಿನ ಎತ್ತರವನ್ನು ಕಣ್ಣಲ್ಲೇ ಅಳೆದಳು.

"ಸರಿ. ಏಣಿ ಯಾರದು ಅಂತ ಈಗಲೇ ಕೇಳಿಬಿಡು."